ಗಾಜಿನ ರೂಮಿನ ಡಾಕ್ಟರು

ಕೆಲವರು ಸಿಕ್ಕಿದ ಕೂಡಲೇ "ಊಟ ಆಯ್ತಾ?" ಅನ್ನುತ್ತಾರೆ, ಕೆಲವರು "ಚೆನ್ನಾಗಿದೀರಾ?" ಅನ್ನುತ್ತಾರೆ. ನಮ್ಮ ಡಾಕ್ಟರು ಮಾತ್ರ "ಉಚ್ಚೆ ಹೋಯ್ತಾ?" ಎಂದು ಕೇಳುತ್ತಿದ್ದರು. ಮಂಚದ ಮೇಲೆ ಮಲಗಿದವರು ವಕೀಲರಾಗಲಿ, ಹಮಾಲಿಯಾಗಲಿ, ಇನ್ನೂ ಮದುವೆಯಾಗದ ಹುಡುಗಿಯಾಗಲಿ, ಬೆಳಗಿನ ಮೊದಲ ಮಾತು ಅದೇ. ಮೂತ್ರ ಅಂತಾದರೂ ಅನ್ನಿ ಸರ್, ಕೇಳುವುದಕ್ಕೆ ಮರ್ಯಾದೆಯಾಗಿರುತ್ತದೆ ಎಂದು ನಾನೊಮ್ಮೆ ಹೇಳಿದ್ದೆ. ಬೆಳ್ಳಾವಿಯ ಅಜ್ಜಿಗಳಿಗೂ ಅರ್ಥವಾಗಬೇಕಲ್ಲ ಸಿಸ್ಟರ್ ಎಂದು ಹೇಳಿ, ಕನ್ನಡಕ ಮೇಲಕ್ಕೆ ತಳ್ಳಿಕೊಂಡು ಮುಂದಿನ ಮಂಚಕ್ಕೆ ಹೋದರು. ನಾನು ಬೆಳ್ಳಾವಿಯವಳು ಎಂದು ಗೊತ್ತಿದ್ದೇ ಆಡಿದ ಮಾತು.

ಅವರು ಕನ್ನಡಕವನ್ನು ಬೆರಳ ತುದಿಯಿಂದ ಮುಟ್ಟುತ್ತಿರಲಿಲ್ಲ. ತೋರುಬೆರಳನ್ನು ಮಡಿಸಿ ಅದರ ಗೆಣ್ಣಿನಿಂದ ಮೂಗಿನ ಮೇಲಕ್ಕೆ ಏರಿಸುತ್ತಿದ್ದರು. ಸೋಪು ಹಾಕಿ ತೊಳೆದ ಬೆರಳು ರೋಗಿಗೆ ಸೇರಿದ್ದು, ಅದರಿಂದ ಮುಖ ಮುಟ್ಟಿಕೊಳ್ಳಬಾರದು ಎಂಬುದು ಅವರ ಶಿಸ್ತು. ಮನೆಯಲ್ಲಿ ಪೇಪರ್ ಓದುವಾಗಲೂ ಹಾಗೆಯೇ ಮಾಡುತ್ತಿದ್ದರು ಎಂದು ಅವರ ಹೆಂಡತಿ ನಗುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ಪೇಪರಿನಲ್ಲಿ ಸಣ್ಣದಾಗಿ ಬಂತು. ಖ್ಯಾತ ವೈದ್ಯರು, ಸರಳ ಜೀವಿ ಎಂದು ಹಾಕಿದ್ದರು. ಖ್ಯಾತರು ಹೌದೋ ಅಲ್ಲವೋ ಗೊತ್ತಿಲ್ಲ, ಸರಳ ಜೀವಿ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಷ್ಟು ಹಟದ ಇನ್ನೊಬ್ಬ ಮನುಷ್ಯನನ್ನು ನನ್ನ ಸರ್ವಿಸಿನಲ್ಲಿ ಕಂಡಿಲ್ಲ. ಆ ಹಟವನ್ನು ಕಂಡವರಲ್ಲಿ ನಾನೂ ಒಬ್ಬಳಾದ್ದರಿಂದ ಇಷ್ಟನ್ನು ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ತುಮಕೂರಿನ ನಮ್ಮ ಆಸ್ಪತ್ರೆಯಲ್ಲಿ ಜನರಲ್ ವಾರ್ಡಿನ ಒಂದು ಮೂಲೆಯನ್ನು ಬೇರೆ ಮಾಡಿ, ನಾಲ್ಕು ಮಂಚ ಹಾಕಿ, ತೀವ್ರ ನಿಗಾ ಘಟಕ ಎಂದು ಬೋರ್ಡು ತೂಗಿಹಾಕಿದರು. ಬಾಗಿಲಿಗೆ ಗಾಜು ಇದ್ದದ್ದರಿಂದ ಜನ ಅದನ್ನು ಗಾಜಿನ ರೂಮು ಎಂದೇ ಕರೆದರು. ಗಾಜಿನ ರೂಮಿಗೆ ಹಾಕಿದರಂತೆ ಎಂದರೆ ಊರಿನಲ್ಲಿ ಅರ್ಧ ಅಳು ಆಗಲೇ ಶುರುವಾಗುತ್ತಿತ್ತು. ಆಕ್ಸಿಜನ್ ಸಿಲಿಂಡರುಗಳು, ಒಂದು ಮಾನಿಟರು, ಆಗಾಗ ಕೈಕೊಡುವ ಕರೆಂಟು, ಇನ್‌ಚಾರ್ಜ್ ಸಿಸ್ಟರ್ ಆಗಿ ನಾನು, ಇವಿಷ್ಟು ಅಲ್ಲಿನ ಆಸ್ತಿ. ಹೃದಯದ ತೊಂದರೆಯವರು, ಹಾವು ಕಚ್ಚಿದವರು, ವಿಷ ಕುಡಿದವರು ಬರುತ್ತಿದ್ದರು. ಬ್ಲಡ್ ಕ್ಯಾನ್ಸರಿನವರನ್ನು ಅಲ್ಲಿಗೆ ತಂದು ಔಷಧಿ ಕೊಡಬಹುದು ಎಂದು ಈ ಡಾಕ್ಟರು ಬರುವವರೆಗೆ ಯಾರೂ ಯೋಚಿಸಿರಲಿಲ್ಲ. ಆ ರೋಗ ಎಂದು ಗೊತ್ತಾದ ಕೂಡಲೇ ಬೆಂಗಳೂರಿಗೆ ಕಳಿಸುವುದು, ಉಸಿರು ಕಟ್ಟುವ ಸ್ಥಿತಿಯಲ್ಲಿದ್ದರೆ ಮನೆಗೆ ಕಳಿಸುವುದು, ಇದು ನಡೆದು ಬಂದ ಪದ್ಧತಿ.

ನಮ್ಮ ಡಾಕ್ಟರು ಆ ಪದ್ಧತಿಗೆ ಅಡ್ಡ ನಿಂತರು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಈ ಕೆಲಸ ಕಲಿತು ಬಂದಿದ್ದ ಅವರಿಗೆ, ಮೊದಲು ಉಸಿರು ಸರಿಯಾಗಲಿ, ಆಮೇಲೆ ಕ್ಯಾನ್ಸರಿನ ಔಷಧಿ ನೋಡೋಣ ಎಂಬ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ರಕ್ತದಲ್ಲಿ ಕೆಟ್ಟ ಬಿಳಿ ಕಣಗಳು ತುಂಬಿ ಶ್ವಾಸಕೋಶದ ಸಣ್ಣ ದಾರಿಗಳೆಲ್ಲ ಕಟ್ಟಿಕೊಂಡಿರುವಾಗ ಬರೀ ಆಕ್ಸಿಜನ್ ಕೊಟ್ಟು ಕಾಯುವುದು ಯಾವ ನ್ಯಾಯ ಎಂದು ಅವರ ವಾದ. ನಲ್ಲಿಯೊಳಗೆ ಕಸ ಕೂತಿರುವಾಗ ಬಕೆಟ್ ಬದಲಾಯಿಸಿದರೆ ನೀರು ಬರುತ್ತದೆಯೇ ಎಂದು ನಮ್ಮ ಸೂಪರಿಂಟೆಂಡೆಂಟರನ್ನು ಎಲ್ಲರ ಮುಂದೆ ಕೇಳಿದ್ದರು. ಸೂಪರಿಂಟೆಂಡೆಂಟರು ಕೆಟ್ಟವರಲ್ಲ, ಹೆದರುವವರು. ಸಾಯುತ್ತಿರುವವರಿಗೆ ವಿಷದಂಥ ಔಷಧಿ ಚುಚ್ಚಿ, ಅವರು ಸತ್ತರೆ ಔಷಧಿಯಿಂದಲೇ ಸತ್ತರು ಅನ್ನುತ್ತಾರಲ್ಲ ಎಂದು ಅವರ ಭಯ. ಅನ್ನಲಿ ಬಿಡಿ ಎಂದು ಇವರು.

ಆ ಔಷಧಿಯ ಸೀಸೆಗಳನ್ನು ತಣ್ಣಗೆ ಇಡಬೇಕಿತ್ತು. ಆಸ್ಪತ್ರೆಯ ಫ್ರಿಜ್ಜನ್ನು ನಂಬುವ ಹಾಗಿರಲಿಲ್ಲವಾದ್ದರಿಂದ ಅವು ಡಾಕ್ಟರ ಮನೆಯ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಹಿಂದೆ ಕೂತಿರುತ್ತಿದ್ದವು. ಯಾರೋ ರೋಗಿ ಬಂದಾಗ ಡಾಕ್ಟರು ಅವಸರದಲ್ಲಿ ಸೀಸೆಯ ಬದಲು ಹುಣಿಸೆಹಣ್ಣಿನ ಗೊಜ್ಜಿನ ಬಾಟಲಿಯನ್ನು ಫ್ಲಾಸ್ಕಿಗೆ ಹಾಕಿಕೊಂಡು ಬಂದು, ಮುಚ್ಚಳ ತೆಗೆದು ನೋಡಿ, ಸ್ಕೂಟರು ಹತ್ತಿ ವಾಪಸ್ಸು ಹೋದದ್ದೂ ಉಂಟು. ಇಂಜೆಕ್ಷನ್ ಕೊಡುವುದನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ನರದಿಂದ ಒಂದು ತೊಟ್ಟು ಆಚೆ ಹೋದರೂ ಮಾಂಸ ಸುಡುವ ಔಷಧಿ ಅದು. ಸ್ಟೂಲಿನ ಮೇಲೆ ಕೂತು, ರೋಗಿಯ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಉಸಿರು ಬಿಗಿಹಿಡಿದು ಕೊಡುತ್ತಿದ್ದರು.

ಎಲ್ಲರೂ ಉಳಿಯುತ್ತಿದ್ದರು ಎಂದು ಬರೆದರೆ ಅದು ಸುಳ್ಳು. ಹೋದವರೇ ಹೆಚ್ಚು. ಯಾರಾದರೂ ಹೋದಾಗ ಡ್ರಿಪ್ಪಿನ ಸೂಜಿಯನ್ನು ಡಾಕ್ಟರೇ ತೆಗೆಯುತ್ತಿದ್ದರು. ತೆಗೆದ ಜಾಗಕ್ಕೆ ಹತ್ತಿ ಇಟ್ಟು, ಬದುಕಿರುವವರಿಗೆ ಒತ್ತಿ ಹಿಡಿಯುವಷ್ಟೇ ಹೊತ್ತು ಹೆಬ್ಬೆರಳಿನಿಂದ ಒತ್ತಿ ಹಿಡಿದಿರುತ್ತಿದ್ದರು.

ಉಚ್ಚೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅದು ತಮಾಷೆಯ ಮಾತಲ್ಲ. ಔಷಧಿ ಮೈಗೆ ಹತ್ತಿದ ಮೇಲೆ ಕೆಟ್ಟ ಕಣಗಳು ರಾಶಿರಾಶಿಯಾಗಿ ಒಡೆಯುತ್ತವೆ. ಆ ಕಸವೆಲ್ಲ ಮೂತ್ರದಲ್ಲೇ ಹೊರಗೆ ಹೋಗಬೇಕು. ನೀರು ಸಾಲದಿದ್ದರೆ ಕಸ ಮೂತ್ರಪಿಂಡದಲ್ಲೇ ಕೂತು ಅದನ್ನು ಕೆಡಿಸುತ್ತದೆ, ಕ್ಯಾನ್ಸರಿನಿಂದ ತಪ್ಪಿಸಿಕೊಂಡವರು ಇದರಲ್ಲಿ ಹೋಗುತ್ತಾರೆ. ಅದಕ್ಕೇ ಅವರು ಬೆಳಗ್ಗೆ ಬಂದರೆ ಮುಖ ನೋಡುವ ಮೊದಲು ಮಂಚದ ಪಕ್ಕದ ಮೂತ್ರದ ಚೀಲ ನೋಡುತ್ತಿದ್ದುದು. ಕುಣಿಗಲ್ಲಿನಲ್ಲಿದ್ದ ಅವರ ತಾಯಿಗೆ ಯಾರೋ ಇದನ್ನು ಹೇಳಿಬಿಟ್ಟಿದ್ದರು. ಆಕೆ ಮಗನ ಮನೆಗೆ ಬಂದಿದ್ದಾಗ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, "ಇದ್ನ ಕೇಳಕ್ಕೇನವ್ವಾ ನಾವು ಇವನ್ನ ಅಷ್ಟೆಲ್ಲಾ ಓದ್ಸಿದ್ದು?" ಎಂದು ದುಃಖದಿಂದಲೇ ಕೇಳಿದರು. ಡಾಕ್ಟರು ಒಳಗಿನಿಂದ ಕೇಳಿಸಿಕೊಂಡು ನಕ್ಕರು.

ಆ ತಾಯಿ ಕೊರಳಲ್ಲಿ ಬೆಳ್ಳಿಯ ಕರಡಿಗೆ ಕಟ್ಟಿಕೊಂಡಿದ್ದರು, ಇಷ್ಟಲಿಂಗ ಇಡುವ ಆ ಪುಟ್ಟ ಡಬ್ಬಿ. ಮಗನ ಕೊರಳು ಖಾಲಿ. ಹೈಸ್ಕೂಲು ಮುಗಿಯುವವರೆಗೂ ಮಠದ ಹಾಸ್ಟೆಲಿನ ಅನ್ನ ತಿಂದು ಬೆಳೆದ ಹುಡುಗ, ಮೆಡಿಕಲ್ ಕಾಲೇಜಿಗೆ ಸೇರಿದ ಮೇಲೆ ಲಿಂಗ ಬಿಚ್ಚಿ ತಾಯಿಯ ಕೈಗೆ ಕೊಟ್ಟಿದ್ದನಂತೆ. ಹೆಣ ಕೊಯ್ಯುವ ಜಾಗಕ್ಕೆ ಅದನ್ನು ಕಟ್ಟಿಕೊಂಡು ಹೋಗುವುದು ಹೇಗೆ ಎಂದು ನೆಪ ಹೇಳಿದ, ಅದು ಇವತ್ತಿಗೂ ಕುಣಿಗಲ್ ಮನೆಯ ಗೂಡಿನಲ್ಲಿದೆ ಎಂದು ತಾಯಿ ಹೇಳಿದರು.

ಗಾಜಿನ ರೂಮಿಗೆ ಅವರೇ ಮಾಡಿದ ಒಂದು ರೂಲ್ಸು ಇತ್ತು. ಒಳಗೆ ಬರುವ ರೋಗಿಯ ಮೈಮೇಲೆ ದಾರ, ಉಂಗುರ, ತಾಯಿತ, ಬಳೆ, ಯಾವುದೂ ಇರಕೂಡದು. ಈ ಔಷಧಿ ಒಳ್ಳೆಯ ಕಣಗಳನ್ನೂ ಇಳಿಸಿಬಿಡುವುದರಿಂದ ಹಳೇ ದಾರದ ಕೊಳೆಯೊಂದೇ ಸಾಕು ಜ್ವರ ಬಂದು ಹೋಗಿಬಿಡಲು ಎನ್ನುತ್ತಿದ್ದರು. ತಾಳಿ ತೆಗೆಯುವುದಿಲ್ಲ ಎಂದು ಒಬ್ಬಾಕೆ ಹಟ ಹಿಡಿದಾಗ ಗಂಡನ ಕಡೆ ತಿರುಗಿ, ವಾಪಸ್ಸು ಕೊಡುವವರೆಗೆ ನೀವೇ ಹಾಕಿಕೊಂಡಿರಿ ಯಜಮಾನ್ರೇ ಎಂದಿದ್ದರು. ಆತ ನಿಜವಾಗಿಯೂ ಹಾಕಿಕೊಂಡು ವರಾಂಡದಲ್ಲಿ ಓಡಾಡಿದ.

ಗುಬ್ಬಿಯ ಟೈಲರೊಬ್ಬರ ಹೆಂಡತಿ ಬಂದದ್ದು ಈ ರೂಲ್ಸು ಜೋರಾಗಿದ್ದ ಕಾಲದಲ್ಲಿ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೂವತ್ತು ದಾಟಿದ ಹೆಂಗಸು, ತುಟಿ ನೀಲಿಯಾಗಿತ್ತು, ಪ್ರಜ್ಞೆ ಅರ್ಧಂಬರ್ಧ, ಒಂದು ಮಾತಿಗೆ ಎರಡು ಸಲ ಉಸಿರು. ರಕ್ತ ನೋಡಿದ ಲ್ಯಾಬಿನವರು ಓಡಿ ಬಂದರು. ಬಿಳಿ ಕಣ ಎಣಿಸಲಾಗದಷ್ಟಿತ್ತು. ಬೆಂಗಳೂರಿನ ದಾರಿಯಲ್ಲಿ ಆಕೆ ಡಾಬಸ್‌ಪೇಟೆಯನ್ನೂ ದಾಟುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮನೆಗೆ ಕಳಿಸಿಬಿಡಿ ಎಂದು ಸೂಪರಿಂಟೆಂಡೆಂಟರು ಹೇಳಿದರು. ಡಾಕ್ಟರು ಮನೆಗೆ ಫೋನು ಮಾಡಿ ಫ್ಲಾಸ್ಕಿಗೆ ಐಸು ಹಾಕಿಡಲು ಹೇಳಿದರು.

ಬಲಗೈಯ ನರಗಳೆಲ್ಲ ಒಡೆದು ಹೋಗಿದ್ದರಿಂದ ಡ್ರಿಪ್ಪು ಎಡಗೈಗೆ ಬಂತು. ಅಂದೇ ಇಂಜೆಕ್ಷನ್ ಆಯಿತು. ಮಾರನೆಯ ದಿನಕ್ಕೆ ಉಸಿರು ಒಂದಿಷ್ಟು ಹಗುರವಾಗಿ, ಆಕೆ ಕಣ್ಣು ಬಿಟ್ಟು ಸುತ್ತಲೂ ನೋಡಿದಳು. ನಮಗೆಲ್ಲ ಹಿಗ್ಗು. ಇನ್ನು ಆಕೆ ನೀರು ಕುಡಿಯಬೇಕು, ಅಷ್ಟೇ. ಶ್ವಾಸಕೋಶದಲ್ಲೇ ನೀರು ತುಂಬಿದ್ದರಿಂದ ಡ್ರಿಪ್ಪನ್ನು ಜೋರಾಗಿ ಬಿಡುವಂತಿರಲಿಲ್ಲ, ಬಾಯಿಂದ ಸ್ವಲ್ಪಸ್ವಲ್ಪವಾಗಿ ಒಳಗೆ ಹೋಗಬೇಕಿತ್ತು. ಆಯಾ ಲೋಟ ಹಿಡಿದು ಕುಡಿಸುತ್ತಿದ್ದಳು. ಮಾತ್ರೆಯನ್ನೂ ಬಾಯಿಗೆ ಹಾಕುತ್ತಿದ್ದಳು. ಆದರೆ ಚೀಲದಲ್ಲಿ ಮೂತ್ರ ಮಾತ್ರ ಇಳಿಯುತ್ತಾ ಬಂತು, ಬಣ್ಣ ಗಾಢವಾಯಿತು. ಮೂರನೆಯ ದಿನ ಹಾಸಿಗೆ ಬದಲಾಯಿಸುವಾಗ ದಿಂಬಿನ ಕೆಳಗೆ ಒದ್ದೆ ಬಟ್ಟೆ ಸಿಕ್ಕಿತು, ಅದರೊಳಗೆ ಕರಗಿದ ಮಾತ್ರೆಗಳು. ಬಾಯಿಗೆ ಹಾಕಿದ್ದನ್ನೆಲ್ಲ ಆಕೆ ಸೆರಗಿನ ಮರೆಯಲ್ಲಿ ಉಗಿಯುತ್ತಿದ್ದಳು.

ಯಾಕಮ್ಮ ಎಂದರೆ ಮುಖ ಗೋಡೆಗೆ. ಜೊತೆಗೆ ಇನ್ನೊಂದು ಶುರುವಾಯಿತು. ಡ್ರಿಪ್ಪು ಹಾಕಿದ ಎಡಗೈಯನ್ನು ಎತ್ತುವುದು, ತುಟಿ ಅಲ್ಲಾಡಿಸುವುದು. ಕೈ ಎತ್ತಿದಾಗಲೆಲ್ಲ ಡ್ರಿಪ್ಪು ನಿಲ್ಲುತ್ತಿತ್ತು. ಕೈಯನ್ನು ಹಲಗೆಗೆ ಸೇರಿಸಿ ಮಂಚಕ್ಕೆ ಕಟ್ಟಿದೆವು. ಕಟ್ಟಿದರೂ ಎತ್ತಲು ಎಳೆಯುತ್ತಿದ್ದಳು. ಕೆಟ್ಟ ಕಣಗಳು ಮಿದುಳಿಗೂ ಏರಿದರೆ ರೋಗಿ ಹೀಗೇ ಕೈ ಆಡಿಸುತ್ತಾ ಗೊಣಗುವುದನ್ನು ನಾವು ಕಂಡಿದ್ದೆವು. ಸೂಪರಿಂಟೆಂಡೆಂಟರು ಬಂದು ನೋಡಿ, ಮೃದುವಾಗಿಯೇ, ಇನ್ನು ಹಿಂಸೆ ಕೊಡಬೇಡಿ, ಉಸಿರಿರುವಾಗಲೇ ಮನೆಗೆ ಕಳಿಸಿ, ಅವರ ಜನದ ನಡುವೆ ಹೋಗಲಿ ಎಂದರು. ಡಾಕ್ಟರು ಈ ಸಲ ಜಗಳವಾಡಲಿಲ್ಲ. ತಲೆ ತಗ್ಗಿಸಿ, ಆಯಿತು ಸರ್ ಎಂದರು. ಅವರು ಸೋತದ್ದನ್ನು ನಾನು ಆವತ್ತು ಮೊದಲ ಸಲ ನೋಡಿದೆ, ನನಗೆ ಬಹಳ ಸಂಕಟವಾಯಿತು.

ಟೈಲರ್ ಯಜಮಾನರು ಹೊರಗೆ ಬೆಂಚಿನ ಮೇಲೆ ಕೂತೇ ಇರುತ್ತಿದ್ದರು. ನಾವು ಬಾಗಿಲು ತೆಗೆದಾಗಲೆಲ್ಲ, ನೀರು ಕುಡಿದಳಾ ಎಂದು ಕೇಳುತ್ತಿದ್ದರು. ಮೊದಮೊದಲು ಕುಡಿದರು ಎಂದು ಹೇಳಿದ್ದೆವು. ಹೇಳಿದಾಗ ಅವರ ಮುಖ ಬಾಡುತ್ತಿತ್ತು. ಹೆಂಡತಿ ನೀರು ಕುಡಿದಳೆಂದರೆ ಗಂಡ ಯಾಕೆ ಸಪ್ಪಗಾಗಬೇಕು ಎಂದು ನನಗೆ ಅರ್ಥವಾಗಿರಲಿಲ್ಲ. ಈಗ ಅವರಿಗೆ ಗಾಡಿ ಗೊತ್ತುಮಾಡಿಕೊಂಡು ಬರಲು ಹೇಳಬೇಕಿತ್ತು.

ಅದಕ್ಕೆ ಮೊದಲು ಡಾಕ್ಟರು ಒಳಗೆ ಬಂದರು. ಬೆಳಗಿನ ಬಿಸಿಲು ಆ ಮಂಚದ ಮೇಲೆ ಬಿದ್ದಿತ್ತು. ಮನೆಗೆ ಹೋಗುವ ಹೆಂಗಸನ್ನು ಕಟ್ಟಿಹಾಕಿದ ಹಾಗೆ ಕಳಿಸುವುದು ಬೇಡ ಎಂದು ಹೇಳಿ ಆಕೆಯ ಕೈಗೆ ಸುತ್ತಿದ್ದ ಬಟ್ಟೆಯನ್ನು ತಾವೇ ಬಿಚ್ಚಿದರು. ಬಿಚ್ಚಿದ ಕೂಡಲೇ ಕೈ ಮೇಲೆದ್ದಿತು. ಅಂಗೈ ಮೇಲ್ಮುಖವಾಗಿ, ಬೆರಳುಗಳು ಸ್ವಲ್ಪ ಬಾಗಿ, ಎದೆಯ ಎತ್ತರಕ್ಕೆ ಬಂದು ನಿಂತಿತು. ಆಕೆಯ ಕಣ್ಣು ಆ ಖಾಲಿ ಅಂಗೈಯ ಮೇಲೆ ನೆಟ್ಟಿತ್ತು. ಡಾಕ್ಟರು ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟರು.

"ಸಿಸ್ಟರ್, ಇದು ಬ್ರೈನ್ ಅಲ್ಲ," ಎಂದರು. "ಈಯಮ್ಮ ಪೂಜೆ ಮಾಡ್ತಾ ಇದಾರೆ."

ಬಗ್ಗಿ ಆಕೆಯ ಕಿವಿಯ ಹತ್ತಿರ, ತಾಯಿ, ಲಿಂಗ ಎಲ್ಲಿ ಎಂದು ಕೇಳಿದರು. ಅಷ್ಟು ಹೊತ್ತು ಗೋಡೆ ನೋಡುತ್ತಿದ್ದವಳ ಕಣ್ಣಲ್ಲಿ ನೀರು ಬಂತು.

"ಎಲ್ಲೋ ಬಿದ್ದೋಗದೆ ಸ್ವಾಮಿ. ಕಳ್ಕೊಂಬುಟ್ಟಿವ್ನಿ. ಯಾರ್ ತಾವ ಹೇಳ್ಲಿ?"

ಆಗ ಎಲ್ಲವೂ ತಿಳಿಯಿತು. ಲಿಂಗಪೂಜೆ ಆಗದೆ ಒಂದು ಹನಿ ನೀರೂ ಮುಟ್ಟದ ಮನೆತನ ಅವರದು. ಪ್ರಜ್ಞೆ ಇಲ್ಲದಾಗ ನಮ್ಮ ಹುಡುಗಿಯೊಬ್ಬಳು ರೂಲ್ಸಿನ ಪ್ರಕಾರ ದಾರ ಬಿಚ್ಚಿ ಕರಡಿಗೆಯನ್ನು ಗಂಡನ ಕೈಗೆ ಕೊಟ್ಟಿದ್ದಳು. ಎಚ್ಚರವಾಗಿ ಎದೆ ಮುಟ್ಟಿ ನೋಡಿಕೊಂಡವಳು, ದಾರಿಯಲ್ಲೆಲ್ಲೋ ತಾನೇ ಕಳೆದುಕೊಂಡೆ ಅಂದುಕೊಂಡಳು. ಲಿಂಗ ಕಳೆದುಕೊಂಡೆ ಎಂದು ಬಾಯಿಬಿಟ್ಟು ಹೇಳುವುದಕ್ಕಿಂತ ಸಾಯುವುದು ಸುಲಭ ಅನ್ನಿಸಿತ್ತು ಆಕೆಗೆ. ಇಲ್ಲದ ಲಿಂಗಕ್ಕೇ ಅಂಗೈ ಒಡ್ಡಿ ದಿನವೂ ಬೇಡಿಕೊಳ್ಳುತ್ತಿದ್ದಳು. ನಾವು ಆ ಕೈಯನ್ನು ಕಟ್ಟಿದ್ದೆವು.

"ನೀವು ಕಳ್ಕೊಂಡಿಲ್ಲ ತಾಯಿ," ಎಂದರು ಡಾಕ್ಟರು. "ತೆಗೆಸಿದ್ದು ನಾನು."

ವರಾಂಡಕ್ಕೆ ಹೋಗಿ ಯಜಮಾನರನ್ನು ಕೇಳಿದರೆ ಅವರು ಅಂಗಿಯ ಗುಂಡಿ ಬಿಚ್ಚಿದರು. ಟೈಲರಲ್ಲವೇ, ಬನಿಯನ್ನಿನ ಒಳಗಡೆ ಎದೆಯ ಮೇಲೆ ಒಂದು ಜೇಬು ಹೊಲಿದುಕೊಂಡು ಹೆಂಡತಿಯ ಕರಡಿಗೆಯನ್ನು ಅದರಲ್ಲಿಟ್ಟಿದ್ದರು. ಅದು ಇಷ್ಟು ದಿನವೂ ಗಾಜಿನ ಬಾಗಿಲಿನ ಆಚೆಯೇ ಇತ್ತು. ಆಸ್ಪತ್ರೆಯ ರೂಲ್ಸು ಅಂದರು, ಕೇಳಲು ಭಯವಾಯಿತು ಎಂದರು. ಹೆಂಡತಿ ಪೂಜೆಯಿಲ್ಲದೆ ನೀರು ಕುಡಿದಳಲ್ಲ, ಜೀವದಾಸೆಗೆ ವ್ರತ ಬಿಟ್ಟಳಲ್ಲ ಎಂದು ಅವರು ಅಲ್ಲಿ ಕೂತು ನೊಂದುಕೊಳ್ಳುತ್ತಿದ್ದರಂತೆ. ಆಕೆ ಬಿಟ್ಟಿಲ್ಲ ಎಂದು ತಿಳಿದಾಗ ಹೆಮ್ಮೆ ಪಡಬೇಕೋ ಹೆದರಬೇಕೋ ತಿಳಿಯದೆ ಅಳುತ್ತಾ ನಿಂತರು.

ಮುಂದಿನದೆಲ್ಲ ಡಾಕ್ಟರು ಮದುವೆ ಮನೆಯ ಹಿರಿಯರ ಹಾಗೆ ನಿಂತು ಮಾಡಿಸಿದರು. ಹಳೆಯ ದಾರ ಬೇಡ ಎಂದು ಬಿಸಾಕಿಸಿ, ನಾವು ಕುದಿಸಿ ಒಣಗಿಸಿಟ್ಟಿದ್ದ ಬ್ಯಾಂಡೇಜು ಬಟ್ಟೆ ಕೊಟ್ಟರು. ಯಜಮಾನರು ಅದನ್ನು ಮಡಿಸಿ ಅಚ್ಚುಕಟ್ಟಾಗಿ ಶಿವದಾರ ಹೊಲಿದರು. ಲಿಂಗ ಹಿಡಿಯಲು ಎಡಗೈ ಬಿಡುವು ಮಾಡಬೇಕಿತ್ತು. ನರ ಹುಡುಕಿ ಹುಡುಕಿ ಬೆವರಿಳಿಸಿಕೊಂಡು ಕೊನೆಗೆ ಕಾಲಿನ ಗಿಣ್ಣಿನ ಹತ್ತಿರ ಡ್ರಿಪ್ಪು ಹಾಕಿದರು. ಹೂವು, ಪತ್ರೆ ಒಳಗೆ ತರುವ ಹಾಗಿಲ್ಲ, ಕಾಯಿಸಿ ಆರಿಸಿದ ನೀರೊಂದೇ, ಆದೀತಾ ತಾಯಿ ಎಂದು ಕೇಳಿದರು. ನೀರು ಸಾಕು ಸ್ವಾಮಿ ಎಂದಳು.

ಮಲಗಿದಲ್ಲೇ ತಲೆಯನ್ನು ಸ್ವಲ್ಪ ಎತ್ತರಿಸಿ ಕೂರಿಸಿದೆವು. ಕರಡಿಗೆ ತೆರೆದು ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ನೀರೆರೆದಳು. ಆ ನೀರನ್ನು ಬಟ್ಟಲಿನಲ್ಲಿ ಹಿಡಿದುಕೊಂಡು ತೀರ್ಥವೆಂದು ಬಾಯಿಗೆ ಹಾಕಿಕೊಂಡಳು, ನುಂಗಿದಳು. ಆ ಗಂಟಲು ಅಲ್ಲಾಡಿದ್ದನ್ನು ನೋಡಿ ನಾನು ಅತ್ತುಬಿಟ್ಟೆ. ಡಾಕ್ಟರು ಮಾತ್ರ ಹಟಮಾರಿಯೇ. ತೀರ್ಥ ಇಷ್ಟೇ ಕುಡಿಯಬೇಕು ಅಂತ ಏನೂ ಇಲ್ಲವಲ್ಲ ತಾಯಿ, ಎಂದು ಒಂದು ಜಗ್ ನೀರು ಮುಂದಿಟ್ಟರು. ಆಕೆ ಮೊದಲ ಸಲ ನಕ್ಕಳು. ಸಂಜೆಯ ಹೊತ್ತಿಗೆ ಚೀಲ ತುಂಬತೊಡಗಿತು. ಸೂಪರಿಂಟೆಂಡೆಂಟರು ಬಂದು ಚೀಲ ನೋಡಿ, ಆಕೆಯ ಮುಖ ನೋಡಿ, ಡಾಕ್ಟರ ಭುಜ ತಟ್ಟಿ ಹೋದರು.

ಡಾಕ್ಟರು ಡ್ಯೂಟಿ ರೂಮಿನಲ್ಲಿ ಒಬ್ಬರೇ ಕೂತಿದ್ದರು. ಕಾಫಿ ಕೊಟ್ಟೆ, ಮುಟ್ಟಲಿಲ್ಲ. "ದಿನಾ ಬೆಳಗ್ಗೆ ಎದ್ದು ಅಮ್ಮನ ಅದೇ ಕೈ ನೋಡ್ಕೊಂಡು ಬೆಳೆದೋನು ಸಿಸ್ಟರ್ ನಾನು. ಬೇರೆ ಡಾಕ್ಟ್ರಿಗೆ ಗೊತ್ತಾಗದಿದ್ರೆ ಸರಿ. ನನಗೂ ಗೊತ್ತಾಗ್ಲಿಲ್ವಲ್ಲ."

ಅದಾದ ಮೇಲೆ ಅವರು ಮತ್ತೆ ಲಿಂಗ ಕಟ್ಟಿಕೊಂಡರು ಎಂದು ಊರಿನಲ್ಲಿ ಕೆಲವರು ಹೇಳುತ್ತಾರೆ. ಕಟ್ಟಿಕೊಳ್ಳಲಿಲ್ಲ. ರೂಲ್ಸನ್ನೂ ತೆಗೆಯಲಿಲ್ಲ. ಆದರೆ ಉಚ್ಚೆಯ ಪ್ರಶ್ನೆಗೂ ಮೊದಲು ನಮ್ಮನ್ನು ಕೇಳುವ ಇನ್ನೊಂದು ಪ್ರಶ್ನೆ ಸೇರಿತು. ಹೊಸ ರೋಗಿಯ ಮುಂದೆ ನಿಂತು, "ಇವರಿಂದ ಏನೇನು ತೆಗೆದಿದೀರಿ?" ಎನ್ನುವರು. ನಾವು ಒಂದೊಂದಾಗಿ ಹೇಳಬೇಕಿತ್ತು. ಯಾರೊಂದಿಗೂ ಮಾತಾಡದೆ ಖಿನ್ನರಾಗಿದ್ದ ಹಾರ್ಮೋನಿಯಂ ಮೇಷ್ಟರೊಬ್ಬರಿಗೆ ಹಲ್ಲಿನ ಸೆಟ್ಟು ವಾಪಸ್ಸು ಕೊಡಿಸಿದರು. ಮೇಷ್ಟರ ಖಿನ್ನತೆ ಅಲ್ಲಿಗೇ ಮುಗಿದು, ಅವರ ಬಾಯಿ ಮುಚ್ಚಿಸುವುದೇ ನಮಗೆ ಕೆಲಸವಾಯಿತು.

ಟೈಲರ ಹೆಂಡತಿ ಮನೆಗೆ ಹೋದಳು, ಗಾಡಿಯಲ್ಲಿ ಮಲಗಿ ಅಲ್ಲ, ಬಸ್ಸಿನಲ್ಲಿ ಕೂತು. ಇಂಜೆಕ್ಷನ್ನಿಗೆ ಬರುತ್ತಾ ಹೋಗುತ್ತಾ ಇದ್ದಳು. ವರಾಂಡದಲ್ಲಿ ಎಲ್ಲರ ಮುಂದೆ ಡಾಕ್ಟರು ಅದೇ ಪ್ರಶ್ನೆ ಕೇಳಿದರೆ ಸೆರಗು ಬಾಯಿಗೆ ಅಡ್ಡ ಹಿಡಿದು ಹೂಂ ಎನ್ನುತ್ತಿದ್ದಳು. ಎರಡು ಯುಗಾದಿ ಕಂಡಳು. ಆಮೇಲೆ ರೋಗ ತಿರುಗಿ ಬಂತು, ಈ ಸಲ ಔಷಧಿಗೆ ಬಗ್ಗಲಿಲ್ಲ. ಆಕೆ ಗಾಜಿನ ರೂಮು ಬೇಡ ಎಂದಳು, ಡಾಕ್ಟರೂ ಬಲವಂತ ಮಾಡಲಿಲ್ಲ. ಆಕೆಯ ಮಣ್ಣಿಗೆಂದು ಗುಬ್ಬಿಗೆ ಹೋಗಿ ಬಂದ ಡಾಕ್ಟರು ನನಗೆ ಹೇಳಿದ್ದು ಇಷ್ಟೇ, "ಕೈಯಲ್ಲೇ ಇತ್ತು ಸಿಸ್ಟರ್."

ಆ ದಶಕ ಮುಗಿಯುವ ಹೊತ್ತಿಗೆ ನನಗೆ ಕುಣಿಗಲ್ಲಿಗೆ ವರ್ಗವಾಗಿತ್ತು. ಡಾಕ್ಟರಿಗೆ ಪಾರ್ಶ್ವವಾಯು ಹೊಡೆದು, ಮಾತು ನಿಂತು, ತುಮಕೂರಿನ ಬಟವಾಡಿಯ ಕಡೆ ಒಂದು ನರ್ಸಿಂಗ್ ಹೋಮಿನಲ್ಲಿದ್ದಾರೆ ಎಂದು ತಿಳಿದು ಮಧ್ಯಾಹ್ನದ ಬಸ್ಸಿಗೆ ಬಂದೆ. ಅವರ ಹೆಂಡತಿ ನನ್ನನ್ನು ನೋಡಿ ಕೈ ಹಿಡಿದುಕೊಂಡರು. ಯಾರನ್ನೂ ಗುರುತು ಹಿಡಿಯುವುದಿಲ್ಲ, ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದರು. ಡಾಕ್ಟರ ಚೆನ್ನಾಗಿದ್ದ ಕೈಯನ್ನು ಮಂಚದ ಸರಳಿಗೆ ಕಟ್ಟಿದ್ದರು. ಸುಮ್ಮನೆ ಕೈ ಆಡಿಸುತ್ತಾರೆ, ಮೂಗಿನ ಟ್ಯೂಬು ಕಿತ್ತುಕೊಳ್ಳಲು ನೋಡುತ್ತಾರೆ, ನಿದ್ದೆಯ ಇಂಜೆಕ್ಷನ್ ಕೊಡಬೇಕು ಎಂದು ಅಲ್ಲಿದ್ದ ಹುಡುಗಿ ಹೇಳಿದಳು.

ನಾನು ಕಟ್ಟು ಬಿಚ್ಚಿದೆ. ಕೈ ಮೆಲ್ಲಗೆ ಮೇಲೆದ್ದಿತು. ತೋರುಬೆರಳು ಮಡಿಸಿತ್ತು. ಗೆಣ್ಣು ಮೂಗಿನ ಮೇಲ್ಭಾಗಕ್ಕೆ ಹೋಗಿ ತಾಗಿ, ಅಲ್ಲಿ ಏನೂ ಸಿಗದೆ ಕೆಳಗಿಳಿಯಿತು. ಮತ್ತೆ ಎದ್ದಿತು. ಟ್ಯೂಬಿನ ಕಡೆಗೆ ಅದು ಹೋಗಲೇ ಇಲ್ಲ.

"ಇವರಿಂದ ಏನೇನು ತೆಗೆದಿದೀಯಮ್ಮ?" ಎಂದು ಕೇಳಿದೆ.

"ಏನಿಲ್ಲ ಮೇಡಂ, ಕನ್ನಡಕ ಅಷ್ಟೇ. ಮಲಗಿರೋರಿಗೆ ಯಾಕೆ ಅಂತ."

ಕನ್ನಡಕ ಬೀರುವಿನ ಡ್ರಾಯರಿನಲ್ಲಿತ್ತು. ಸೆರಗಿನಿಂದ ಒರೆಸಿ ಹಾಕಿದೆ. ಡಾಕ್ಟರು ಕಣ್ಣು ಕಿರಿದು ಮಾಡಿ ನೋಡಿದರು. ಮೊದಲು ಹೆಂಡತಿಯನ್ನು, ಬಹಳ ಹೊತ್ತು. ಆಮೇಲೆ ನನ್ನನ್ನು. ಆಮೇಲೆ ಆ ಕಣ್ಣು ನನ್ನನ್ನು ಬಿಟ್ಟು ಮಂಚದ ಅಂಚಿಗೆ, ಅಲ್ಲಿಂದ ಕೆಳಕ್ಕೆ ಇಳಿದು, ತಿರುಗಿ ನನ್ನ ಮುಖಕ್ಕೇ ಬಂದು ಕಾಯುತ್ತಾ ನಿಂತಿತು.

ನಾನು ಬಗ್ಗಿ ಚೀಲ ನೋಡಿದೆ.

"ಹೋಗಿದೆ ಸರ್," ಎಂದೆ. "ಚೆನ್ನಾಗಿ ಹೋಗಿದೆ."

ಡಾಕ್ಟರು ಬೆರಳು ಮಡಿಸಿ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡರು.